ನಲವತ್ತೊಂದು ಫೂಟಿನ ಬಾವಿ

ತಡವಳ, ತಾ. ಅಕ್ಕಲಕೋಟ
ಶುಕ್ರವಾರ, ೯ ಏಪ್ರಿಲ್ ೧೯೭೬

ಪ್ರೀತಿಯ ತಮ್ಮ ಶಾಂತಪ್ಪನಿಗೆ,

ನೀರು ಬಿದ್ದಿದೆ. ಮೊನ್ನೆ ಬುಧವಾರ ಮಧ್ಯಾಹ್ನ ಮೂರೂಕಾಲಿಗೆ, ಅರವತ್ತೊಂದನೆಯ ಫೂಟಿನಲ್ಲಿ, ನೀನು ಗುರುತು ಹಾಕಿಕೊಟ್ಟಿದ್ದ ಬಾವಿಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ. ಅರವತ್ನಾಲ್ಕಕ್ಕೆ ಬೋರಿನ ಮಶಿನ್ ನಿಲ್ಲಿಸಿದರು. ನಿನ್ನೆ ಬೆಳಿಗ್ಗೆ ಹಗ್ಗ ಬಿಟ್ಟು ಅಳೆದಾಗ ನೀರು ತಾನಾಗಿ ಮೇಲೇರಿ ಇಪ್ಪತ್ತೊಂಬತ್ತು ಫೂಟಿಗೆ ಬಂದು ನಿಂತಿತ್ತು.

ಸುದ್ದಿ ತಂದವನು ಜಟ್ಟೆಪ್ಪ, ನಿನ್ನ ಕೈಕೆಳಗೆ ಸುತ್ತಿಗೆ ಹೊಡೆಯುತ್ತಿದ್ದ ಅದೇ ಜಟ್ಟೆಪ್ಪ. ಮೈಯೆಲ್ಲ ಕೆಂಪು ಕೆಸರು ಮಾಡಿಕೊಂಡು ಬಂದು ಬಾಗಿಲಲ್ಲಿ ನಿಂತ. ಒಳಗೆ ಬಾ ಅಂದರೆ ಬರಲಿಲ್ಲ. "ಬಾಯಾರ, ನೀರ ಬಿದ್ದಾವ್ರಿ. ಮದಲ ನಿಮ್ಮ ತಮ್ಮಗ ಕಾಗದಾ ಬರೀರಿ, ಆಮ್ಯಾಲ ಬಂದು ನೋಡೀರಂತ," ಅಂದ. ನಾನು ಮೊದಲು ನೋಡಲು ಹೋದೆ. ಪತ್ರಕ್ಕೆ ಎರಡು ದಿನ ತಡವಾಯಿತು.

ಎರಡು ದಿನದ ತಡ ದೊಡ್ಡದಲ್ಲ. ನೀನು ಸಂಕ್ರಾಂತಿಗೆ ಕಳಿಸಿದ ಕಾರ್ಡಿಗೂ ಎಳ್ಳಿನ ಪುಡಿಕೆಗೂ ಮೂರು ತಿಂಗಳಾಗುತ್ತ ಬಂದರೂ ಉತ್ತರ ಬರೆದಿಲ್ಲ. ಅದಕ್ಕೆ ನಿನ್ನ ಕ್ಷಮೆ ಕೇಳಬೇಕು. ಎರಡು ಸಲ ಕೂತೆ. ಎರಡೂ ಸಲ "ಇಲ್ಲಿ ಎಲ್ಲರೂ ಆರಾಮ" ಎಂಬಲ್ಲಿಗೆ ಕೈ ನಿಂತಿತು. ಈಗ ಕ್ಷೇಮಸಮಾಚಾರಕ್ಕಿಂತ ಮುಂಚೆ ನೀರಿನ ಮಾತು ಎತ್ತಿದ್ದಕ್ಕೆ ನೀನು ನಗುತ್ತೀ ಎಂದು ಗೊತ್ತು. ಅದು ಅಪ್ಪನ ಕಲಿಕೆ. ಸೊಲ್ಲಾಪುರದ ನವಿ ಪೇಠದ ಅಂಗಡಿಯಲ್ಲಿ ಚಾದರದ ಗಂಟುಗಳ ಮೇಲೆ ಕೂತು ನಾನು ಕನ್ನಡ ಪೇಪರು, ನೀನು ಮರಾಠಿ ಪೇಪರು ಓದುವಾಗ ಅಪ್ಪ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದ: "ಮದಲ ಏನಾಗ್ಯಾದ ಹೇಳ್ರಿ. ಆಮ್ಯಾಲ ಯಾರ ಹೇಳ್ಯಾರ ಹೇಳ್ರಿ. ಉಳದದ್ದು ಚಾ ಕುಡಿಯೂ ಮುಂದ." ಹಾಗಾಗಿ ಉಳಿದದ್ದು ಈಗ.

ನಿನ್ನ ಮಾಮಾ, ನಮ್ಮ ಮನೆಯವರು, ಚೆನ್ನಾಗಿದ್ದಾರೆ. ಜೋಳದ ರಾಶಿ ಮುಗಿದಿದೆ. ಶಾಲೆ ಈಗ ಮುಂಜಾನೆಯ ಪಾಳಿ, ಹನ್ನೊಂದಕ್ಕೆ ಬಿಡುತ್ತೇವೆ. ಮಗಳು ಗುರುಬಾಯಿ ನಾಲ್ಕನೆಯ ಇಯತ್ತೆ ಮುಗಿಸುತ್ತಿದ್ದಾಳೆ. ಹೋದ ವಾರ ರೊಟ್ಟಿ ಬಡಿಯುತ್ತಿದ್ದಾಗ ಬಂದು, ಶಾಂತಪ್ಪ ಮಾಮಾನ ಮುಖ ಫೋಟೋದಲ್ಲಿ ಇದೆ, ದನಿ ಹೇಗಿತ್ತು ಎಂದು ಕೇಳಿದಳು. ನೀನು ಊರು ಬಿಟ್ಟು ಹೋದಾಗ ಅವಳಿಗೆ ಐದು ವರ್ಷ. ದನಿ ಹೇಗಿತ್ತು ಎಂದು ಹೇಗೆ ಹೇಳುವುದು? ಮೆತ್ತಗೆ ಮಾತಾಡುತ್ತಾನೆ, ಸಂಖ್ಯೆ ಹೇಳುವಾಗ ಮಾತ್ರ ಗಟ್ಟಿಯಾಗಿ ಹೇಳುತ್ತಾನೆ ಅಂದೆ. ಅವಳಿಗೆ ಅಷ್ಟು ಸಾಕಾಯಿತು. ನನಗೆ ಸಾಕಾಗಲಿಲ್ಲ. ರೊಟ್ಟಿ ಹೆಂಚಿನ ಮೇಲೆ ಕರಕಾಯಿತು.

ಶಾಂತಪ್ಪಾ, ನಾಲ್ಕು ಪಂಚಮಿ ಹೋದವು. ನಾಲ್ಕು ಸಲ ನಾಗಪುರದಿಂದ ಸೀರೆಯ ಪಾರ್ಸೆಲ್ಲು ಬಂದಿದೆ. ಸೀರೆ ಉಟ್ಟಿದ್ದೇನೆ, ಸುಳ್ಳೇಕೆ ಹೇಳಲಿ. ಆದರೆ ಜೋಪಾನವಾಗಿ ಇಟ್ಟುಕೊಂಡಿರುವುದು ಪಾರ್ಸೆಲ್ಲಿನ ಮೇಲಿನ ಕಾಗದ. ಅದರಲ್ಲಿ ನಿನ್ನ ಅಕ್ಷರ ಇರುತ್ತದೆ. ಹಿಂದೆ ನೀನು ಸ್ವತಃ ಬಂದು ತವರಿಗೆ ಕರೆದುಕೊಂಡು ಹೋಗುತ್ತಿದ್ದೆ. ಅಕ್ಕಲಕೋಟದಲ್ಲಿ ಎಸ್.ಟಿ. ಬಸ್ಸು ಬದಲಿಸುವಾಗ ನನ್ನ ಗಂಟನ್ನೂ ನಿನ್ನ ಅಳತೆಯ ಪೆಟ್ಟಿಗೆಯನ್ನೂ ಒಟ್ಟಿಗೆ ಹೊತ್ತು, ಗಂಟು ಬೀಳಿಸಿದರೂ ಚಿಂತೆಯಿಲ್ಲ ಪೆಟ್ಟಿಗೆ ಬೀಳಬಾರದು ಅನ್ನುತ್ತಿದ್ದೆ. ಈಗಲೂ ಸಂಜೆ ಐದೂವರೆಯ ಬಸ್ಸು ಬಂದಾಗ ಎಷ್ಟು ಜನ ಇಳಿದರೆಂದು ನಾನು ಎಣಿಸುತ್ತೇನೆ. ಅಭ್ಯಾಸವಾಗಿಬಿಟ್ಟಿದೆ. ಮಾಮಾ ಕೇಳಿದರೆ ಹಾಲು ಮಾರುವವನನ್ನು ನೋಡುತ್ತಿದ್ದೆ ಅನ್ನುತ್ತೇನೆ.

ಈ ಫೆಬ್ರುವರಿಯಲ್ಲಿ ನಿಮ್ಮ ನೀರು ಹುಡುಕುವ ಇಲಾಖೆಯ ಜೀಪು ಬಂತು. ಎತ್ತರದ ಕ್ಯಾನ್ವಾಸಿನ ಹೊದಿಕೆ, ಅದರ ಮೇಲೆ ತಂತಿಯ ಸುರುಳಿ. ನಾನು ಪಾತ್ರೆ ತೊಳೆಯುತ್ತಿದ್ದೆ. ಒದ್ದೆ ಕೈಯಲ್ಲೇ ಶಾಲೆಯ ಬಯಲಿಗೆ ಹೋದೆ. ಐದು ಜನ ಇಳಿದರು. ಐದನೆಯವನು ಬೆನ್ನು ತಿರುಗಿಸಿ ತಂತಿ ಇಳಿಸಿಕೊಳ್ಳುತ್ತಿದ್ದ. ನಿನ್ನದೇ ಎತ್ತರ, ನಿನ್ನ ಹಾಗೆ ತಲೆಗೆ ಟಾವೆಲ್ಲು. ತಿರುಗಿ ನೋಡಿದ. ಬೇರೆಯವನು. ನನ್ನನ್ನು ನೋಡಿ ಮರಾಠಿಯಲ್ಲಿ, ಏನು ಬೇಕಿತ್ತು ತಾಯಿ ಎಂದು ಕೇಳಿದ. ಏನೂ ಇಲ್ಲ ಅಂದೆ.

ಅವನ ಹೆಸರು ಭಗವಂತ. ಸೊಲ್ಲಾಪುರದ ವಿಜಾಪುರ ರಸ್ತೆಯವನು. ಮನೆಯಲ್ಲಿ ಕನ್ನಡ, ಓದಿದ್ದು ಮರಾಠಿ. ಅಳತೆಯ ಪಾರ್ಟಿಗೆ ಅವನೇ ಮುಖ್ಯಸ್ಥ. ಅಗೆದು ನೀರು ಸಿಗದ ಹಳೆಯ ಜಾಗಗಳನ್ನು ಮತ್ತೆ ಅಳೆದು ನೋಡಬೇಕೆಂದು ಸರಕಾರದಿಂದ ಹುಕುಮು ಬಂದಿದೆಯಂತೆ. ತಾಲೂಕಿನಲ್ಲಿ ಹನ್ನೆರಡು ಊರು, ತಡವಳ ಏಳನೆಯದು. ನಾನು ಶಾಂತಪ್ಪನ ಅಕ್ಕ ಎಂದು ಗೊತ್ತಾದ ಮೇಲೆ ಅವನು ನನ್ನೊಂದಿಗೆ ಎದ್ದು ನಿಂತು ಮಾತಾಡಲು ಶುರು ಮಾಡಿದ.

ಅವರು ಕೆಲಸ ಮಾಡಿದ್ದನ್ನು ಮೂರು ದಿನ ನೋಡಿದೆ. ನಿನಗೆ ಗೊತ್ತಿರುವುದನ್ನೇ ನಿನಗೆ ಬರೆಯುತ್ತಿದ್ದೇನೆ. ಬರೆಯುವಾಗ ಎಪ್ಪತ್ತೆರಡರ ಜನವರಿಯಲ್ಲಿ ನೀನು ಇದೇ ಬಯಲಿನಲ್ಲಿ ಕೂತಿದ್ದು ಕಾಣುತ್ತದೆ. ಆಗ ನಿನ್ನ ಬಳಿ ಇದ್ದದ್ದು ಒಂದೇ ಕಿವಿ. ನೆಲಕ್ಕೆ ಚುಚ್ಚುವ ಆ ಡಬ್ಬಿಯನ್ನು ಊರವರು ಕಿವಿ ಎಂದೇ ಕರೆದರು, ನೀನೂ ಹಾಗೇ ಅಂದೆ. ಜಟ್ಟೆಪ್ಪ ಕಬ್ಬಿಣದ ಹಲಗೆಯನ್ನು ಐದು ಮೀಟರಿಗೊಮ್ಮೆ ದೂರ ದೂರ ಒಯ್ದು ಸುತ್ತಿಗೆಯಿಂದ ಹೊಡೆಯುತ್ತಿದ್ದ. ಆ ನಡುಕ ನೆಲದೊಳಗಿನಿಂದ ಕಿವಿಗೆ ಬಂದು ಮುಟ್ಟಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು, ಸೆಕೆಂಡಿನ ಸಾವಿರದ ಪಾಲಿನ ಲೆಕ್ಕದಲ್ಲಿ, ಪೆಟ್ಟಿಗೆಯ ದೀಪಗಳು ತೋರಿಸುತ್ತಿದ್ದವು. ಬಿಸಿಲಿಗೆ ದೀಪ ಕಾಣುವುದಿಲ್ಲವೆಂದು ನೀನು ತಲೆಯ ಮೇಲೆ ಟಾವೆಲ್ಲು ಹೊದ್ದು ಪೆಟ್ಟಿಗೆಯ ಮೇಲೆ ಬಗ್ಗಿರುತ್ತಿದ್ದೆ. ಭಗವಂತನ ಬಳಿ ಈಗ ಹನ್ನೆರಡು ಕಿವಿ. ಒಂದೇ ಏಟಿಗೆ ಹನ್ನೆರಡೂ ಕೇಳಿ ಕಾಗದದ ಮೇಲೆ ಗೆರೆ ಎಳೆಯುತ್ತವೆ. ಆದರೆ ಕೆಂಪು ನಿಶಾನೆ ಅದೇ. ನಿಶಾನೆ ಎತ್ತಿದರೆ ಊರೆಲ್ಲ ನಿಂತಲ್ಲೇ ನಿಲ್ಲಬೇಕು. ದನ ಕಟ್ಟಬೇಕು, ಬಂಡಿ ನಿಲ್ಲಿಸಬೇಕು. ನಾನು ಶಾಲೆಯಲ್ಲಿ ಮಕ್ಕಳನ್ನು ತೊಡೆಯ ಮೇಲೆ ಕೈ ಇಡಿಸಿ ಕೂಡಿಸಿದೆ.

ಎರಡನೆಯ ದಿನ ಮೂರನೆಯ ಕಿವಿಯ ಗೆರೆ ಒಂದೇ ಸಮನೆ ನಡುಗುತ್ತಿತ್ತು. ಯಾರೋ ಬೀಸುತ್ತಿದ್ದಾರೆ ಎಂದು ಭಗವಂತ ಹೇಳಿದ. ಹುಡುಕಿದರೆ ಭಾಗಾಬಾಯಿ. ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಹಳ್ಳದಲ್ಲಿ ತೋಡಿದ ವರತಿಯಿಂದ ನೀರು ತರುವಾಗ ಜಾರಿ ಬಿದ್ದು ಅವಳ ಸೊಂಟ ಮುರಿಯಿತು, ನಿನಗೆ ಬರೆದಿದ್ದೆನೋ ಇಲ್ಲವೋ. ಅಂದಿನಿಂದ ಮನೆಯಲ್ಲೇ ಕೂತು ಊರವರ ಜೋಳ ಬೀಸಿಕೊಡುತ್ತಾಳೆ. ಅಜ್ಜಿ, ಹತ್ತು ನಿಮಿಷ ನಿಲ್ಲಿಸು ಎಂದು ಭಗವಂತ ಕೈ ಮುಗಿದ. "ಇಪ್ಪತ್ತ ವರ್ಷ ಆತು, ನಾ ಬೀಸೂದು ನನ್ನ ಸೊಸಿಗಿ ಕೇಳಿಸಿಲ್ಲ. ನಿನ್ನ ಡಬ್ಬಿಗಿ ಕೇಳಸ್ತೇನಪಾ?" ಅಂದಳು ಮುದುಕಿ. ಸೊಸೆ ಅಲ್ಲೇ ಇದ್ದಳು. ಅವಳೂ ನಕ್ಕಳು.

ಮೂರನೆಯ ದಿನ ಮಧ್ಯಾಹ್ನ ಶಾಲೆಯ ಪಡಸಾಲೆಯಲ್ಲಿ ಭಗವಂತ ತನ್ನ ಲೆಕ್ಕ ಮುಗಿಸಿ ನನ್ನನ್ನು ಕರೆದ. ಕೈಯಲ್ಲಿ ನಿನ್ನ ಹಳೆಯ ಫೀಲ್ಡ್ ಬುಕ್ಕು. ನೀನು ಹೋದ ಮೇಲೆ ಅದು ಪುಣೆಯ ಕಚೇರಿಯಲ್ಲೇ ಇತ್ತಂತೆ. "ಬಾಯಿ, ನಿಮ್ಮ ತಮ್ಮಂದು ಒಂದೂ ಆಕಡಾ ತಪ್ಪಿಲ್ಲ," ಅಂದ. "ಅವರು ಕರಿಕಲ್ಲು ಮೂವತ್ತೆಂಟ ಫೂಟಿಗೆ ಅಂತ ಬರದಾರ. ನನಗ ಹನ್ನೆರಡ ಕಿವಿ ಹಚ್ಚಿ ಬಂದದ್ದು ಮೂವತ್ತೊಂಬತ್ತು."

ಹಾಗಾದರೆ ಬಾವಿಗೆ ನೀರೇಕೆ ಬರಲಿಲ್ಲ ಎಂದು ಕೇಳಿದೆ. ಅವನು ಹಲಗೆಯ ಮೇಲೆ ಸೀಮೆಸುಣ್ಣದಿಂದ ಮೂರು ಗೆರೆ ಎಳೆದು ವಿವರಿಸಿದ. ನಾನು ತಿಳಿದುಕೊಂಡದ್ದು ಹೀಗೆ, ತಪ್ಪಿದ್ದರೆ ನೀನು ತಿದ್ದು. ನಡುಕ ಮೆತ್ತನೆಯ ಮಣ್ಣಿನಲ್ಲಿ ನಿಧಾನ ಹೋಗುತ್ತದೆ, ಉತ್ತ ಹೊಲದಲ್ಲಿ ನಡೆದ ಹಾಗೆ. ಗಟ್ಟಿ ಕಲ್ಲಿನಲ್ಲಿ ಡಾಂಬರು ರಸ್ತೆಯ ಮೇಲೆ ಓಡಿದ ಹಾಗೆ ಓಡುತ್ತದೆ. ದೂರದ ಕಿವಿಗೆ ಮೊದಲು ಮುಟ್ಟುವುದು ಹೊಲದಲ್ಲಿ ನೆಟ್ಟಗೆ ಬಂದದ್ದಲ್ಲ. ಕೆಳಗಿಳಿದು ರಸ್ತೆ ಹಿಡಿದು ಓಡಿ ಮತ್ತೆ ಮೇಲೆ ಬಂದದ್ದು. ಹಾಗೆ ಬಂದುದರ ಲೆಕ್ಕದಿಂದಲೇ ಕಲ್ಲು ಎಷ್ಟು ಆಳದಲ್ಲಿದೆ ಎಂದು ಗೊತ್ತಾಗುವುದು. ಆದರೆ ಆ ರಸ್ತೆಯ ಕೆಳಗೆ ಇನ್ನೊಂದು ಉತ್ತ ಹೊಲ ಇದ್ದರೆ? ಅದಕ್ಕೆ ಇಳಿದ ನಡುಕ ಇನ್ನೂ ಕೆಳಕ್ಕೆ ಬಾಗುತ್ತದೆ, ಅಲ್ಲಿಂದ ಸುದ್ದಿ ತರುವುದಿಲ್ಲ. ಗಟ್ಟಿಯ ಕೆಳಗಿನ ಮೆತ್ತನೆಯದು ಒಂದು ಕಿವಿಗೂ ಕೇಳುವುದಿಲ್ಲ, ಹನ್ನೆರಡಕ್ಕೂ ಕೇಳುವುದಿಲ್ಲ.

ತಪ್ಪಾದದ್ದು ಅಳತೆಯಲ್ಲಲ್ಲ, ಅಲ್ಲಿಂದ ಮುಂದೆ. ನಮ್ಮ ಕಡೆ ಬಾವಿ ಅಗೆಯುವವರಿಗೆ ಹಾರೆ ಬಿದ್ದಲ್ಲಿ ಗಂಟೆಯ ಸಪ್ಪಳ ಬಂದರೆ ಅದೇ ತಳ. ಮತ್ತೆರಡು ಮೂರು ಫೂಟು ಸಿಡಿಮದ್ದಿನ ಸುರಂಗ ಹಾರಿಸಿ ನೋಡುತ್ತಾರೆ. ಆಮೇಲೆ ತಳದ ಮೇಲೆ ಕಾಯಿ ಒಡೆದು ಬುಟ್ಟಿ ಮೇಲೆ ತೆಗೆಯುತ್ತಾರೆ. ಕಾಯಿ ಒಡೆದ ಬಾವಿಗೆ ಮತ್ತೆ ಹಾರೆ ಹಾಕುವುದಿಲ್ಲ. ನೀನು "ಗಟ್ಟಿ ಕಲ್ಲು" ಅಂದದ್ದನ್ನು ಅವರು "ತಳ" ಎಂದು ಕೇಳಿಕೊಂಡರು. ಏಪ್ರಿಲ್ ಕೊನೆಗೆ ನಲವತ್ತೊಂದರಲ್ಲಿ ಕಾಯಿ ಒಡೆದರು. ಹಗಲೆಲ್ಲ ಕಾದರೆ ಎರಡು ಕೊಡ ಜಿನುಗು.

ಆ ದಿನ ಚಾವಡಿಯ ಮುಂದೆ ಸರಪಂಚ ಬಸಣ್ಣ ಆಡಿದ ಮಾತು ನಿನಗೆ ಮರೆತಿರುವುದಿಲ್ಲ. "ನಿನ್ನ ಡಬ್ಬಿ ನೆಲಾ ಕೇಳೂದಿಲ್ಲೊ ತಮ್ಮಾ, ನಿನ್ನ ಹೊಟ್ಟಿ ಗುರುಗುಟ್ಟೂದು ಕೇಳತದ. ಅಕ್ಕನ ಮನ್ಯಾಗ ಹೊಟ್ಟಿ ತುಂಬ ಉಂಡು ಹೋಗು, ಸಪ್ಪಳಾ ನಿಂದರ್ತದ." ಎಲ್ಲರೂ ನಕ್ಕರು. ನೀನು ನಗುತ್ತಲೇ ತಂತಿ ಸುತ್ತಿದೆ. ಮನೆಗೆ ಬಂದು ಊಟ ಬೇಡ, ಹನ್ನೆರಡರ ಬಸ್ಸಿಗೆ ಹೋಗುತ್ತೇನೆ ಅಂದೆ. ಅಕ್ಕನ ಊರು ಎಂದು ಮೇಲಿನವರಿಗೆ ಹೇಳಿ ಹೇಳಿ ಈ ಹಳ್ಳಿಯ ಹೆಸರನ್ನು ಯಾದಿಯಲ್ಲಿ ಸೇರಿಸಿದವನು ನೀನು. ಬಾವಿಗೆ ಊರವರು "ಬಾಯಾರ ತಮ್ಮನ ಬಾವಿ" ಎಂದು ಹೆಸರಿಟ್ಟರು. ಕಸ ಹಾಕುವುದಕ್ಕೂ ಅದೇ ಹೆಸರು, ಮಕ್ಕಳು ಕಲ್ಲು ಎಸೆಯುವುದಕ್ಕೂ ಅದೇ ಹೆಸರು.

ಇದನ್ನೆಲ್ಲ ಹಲಗೆಯ ಮುಂದೆ ನಿಂತು ಭಗವಂತನಿಗೆ ಹೇಳಿದೆ. ಅವನು ಫೀಲ್ಡ್ ಬುಕ್ಕಿನ ಕೊನೆಯ ಪುಟ ತೆರೆದು ತೋರಿಸಿದ. ಅಂಕಿಗಳೆಲ್ಲ ಶಾಯಿಯಲ್ಲಿ; ಪುಟದ ಕೆಳಗೆ ಒಂದು ಸಾಲು ಮಾತ್ರ ಪೆನ್ಸಿಲಿನಲ್ಲಿ, ನಿನ್ನ ಕೈಬರಹ, ಮೇ ೭೨ ಎಂಬ ತಾರೀಖು. ಕರಿಕಲ್ಲಿನ ಗೆರೆಯ ಕೆಳಗೆ ಒಂದು ಪ್ರಶ್ನೆಚಿಹ್ನೆ. ಅದರ ಮುಂದೆ "ಕೆಳಗೆ ಮೆತ್ತನೆಯ ಪದರ ಇರಬಹುದು, ಬೋರು ಹಾಕಿ ನೋಡಬೇಕು". ಆ ಒಂದು ಸಾಲನ್ನು ತೋರಿಸಿಯೇ ಭಗವಂತ ಮೇಲಿನವರಿಂದ ಬೋರಿನ ಮಶಿನ್ನಿಗೆ ಮಂಜೂರಿ ತಂದ. ಮಶಿನ್ ಬರಲು ಏಪ್ರಿಲ್ ಆಯಿತು.

ಈಗ ಬೋರಿನ ಲೆಕ್ಕ ಬರೆಯುತ್ತೇನೆ. ನಿನಗೆ ಇದು ಬೇಕಾಗುತ್ತದೆ. ಆರು ಫೂಟು ಎರೆಮಣ್ಣು. ಇಪ್ಪತ್ತೆರಡರ ತನಕ ಗರಸಿನಂಥ ಮುರುಮು. ಮೂವತ್ತೆಂಟರ ತನಕ ಸಡಿಲ ಕಲ್ಲು. ಅಲ್ಲಿಂದ ಐವತ್ತೇಳರ ತನಕ ಕರಿಕಲ್ಲು. ಆ ಹತ್ತೊಂಬತ್ತು ಫೂಟು ಕೊರೆಯಲು ಎರಡು ದಿನ ಹಿಡಿಯಿತು. ಐವತ್ತೇಳಕ್ಕೆ ಮಶಿನ್ನಿನ ಸಪ್ಪಳ ಬದಲಾಯಿತು ಎಂದು ಜಟ್ಟೆಪ್ಪ ಹೇಳುತ್ತಾನೆ; ಕೂಗುತ್ತಿದ್ದದ್ದು ಗೊಣಗಲು ಶುರು ಮಾಡಿತಂತೆ. ಆಮೇಲೆ ನಾಲ್ಕು ಫೂಟು ಕೆಂಪು ಮಣ್ಣು, ಗೋಡೆಗೆ ಬಳಿಯುವ ಕಾವಿಯ ಬಣ್ಣ. ಅದರ ಕೆಳಗೆ ತೂತು ತೂತಾದ ಕಲ್ಲು, ನೀರು. ನಾನು ಹೋದಾಗ ಹೆಂಗಸರು ಕೊಡ ತಂದಿರಲಿಲ್ಲ, ಸುಮ್ಮನೆ ನಿಂತು ನೋಡುತ್ತಿದ್ದರು. ಕೆಂಪು ನೀರು ತಿಳಿಯಾಗಲು ಅರ್ಧ ಗಂಟೆ ಬೇಕಾಯಿತು. ಜಟ್ಟೆಪ್ಪ ಬೊಗಸೆಯಲ್ಲಿ ಹಿಡಿದು ನನಗೆ ಮೊದಲು ಕುಡಿಯಲು ಕೊಟ್ಟ. ಅವನ ಮನೆಯವರ ಕೊಡವನ್ನು ಊರೊಳಗಿನ ಸೇದುವ ಬಾವಿಯ ಹತ್ತಿರ ಬಿಟ್ಟುಕೊಳ್ಳದವರೂ ಅಲ್ಲಿದ್ದರು. ನಾನು ಕುಡಿದೆ. ಸಪ್ಪೆಯಿಲ್ಲ, ಉಪ್ಪಿಲ್ಲ, ಒಳ್ಳೆಯ ನೀರು.

ನಿನ್ನೆ ಬಸಣ್ಣ ಮನೆಗೆ ಬಂದ. ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಮಾಮಾನೊಡನೆ ಜೋಳದ ಮಾತು, ಎತ್ತಿನ ಮಾತು ಆಡಿದ. ಎದ್ದು ಹೋಗುವಾಗ ನನ್ನ ಕಡೆ ತಿರುಗಿದ. ವಯಸ್ಸಾಗಿದೆ ಅವನಿಗೆ, ಸರಪಂಚಿಕೆಯೂ ಈ ವರ್ಷಕ್ಕೆ ಮುಗಿಯುತ್ತದೆ. "ಬಾಯಾರ, ಅವತ್ತ ನಿಮ್ಮ ತಮ್ಮಗ ನಾ ಹಂಗ ಅನಬಾರದಿತ್ತು," ಅಂದ. "ಆದ್ರ ಒಂದ ಮಾತ. ಕಾಯಿ ಒಡದಿದ್ರೂ ಚಿಂತಿಲ್ಲ, ಇನ್ನ ಹದಿನೈದ ಇಪ್ಪತ್ತ ಫೂಟ ಇಳೀರಿ ಅಂತ ಒಬ್ಬರರ ಹೇಳಿದ್ರ ನಾವು ಇಳೀತಿದ್ವಿ. ಮಂದಿ ಅಲ್ಲೇ ಇದ್ರು. ಹಾರಿ ಅಲ್ಲೇ ಇದ್ವು. ಯಾರೂ ಹೇಳಲಿಲ್ಲ."

ನಾನು ಚಹಾ ತರುತ್ತೇನೆ ಎಂದು ಒಳಗೆ ಹೋದೆ.

ಊರಲ್ಲಿ ಈಗ ಎರಡು ಮಾತು ನಡೆದಿವೆ. ಬೋರಿನ ಮೇಲೆ ಕೈಪಂಪು ಕೂಡಿಸಬೇಕು ಎಂದು ಕೆಲವರು. ಹಳೆಯ ಬಾವಿಯನ್ನೇ ಇಪ್ಪತ್ತು ಫೂಟು ಇಳಿಸಿದರೆ ಊರಿಗೆಲ್ಲ ಸಾಕಾಗುತ್ತದೆ ಎಂದು ಕೆಲವರು. ಜಟ್ಟೆಪ್ಪ ಎರಡನೆಯ ಕಡೆಯವನು. ತಾನು ಅಗೆದ ಬಾವಿಯನ್ನು ತಾನೇ ಮುಗಿಸಬೇಕು ಎನ್ನುತ್ತಾನೆ. ಅಳತೆ ಹಾಕಿದವರು ಬಂದು ನಿಂತರೆ ಮಾತ್ರ ಕೆಳಗಿಳಿಯುತ್ತೇನೆ ಎಂದೂ ಹೇಳಿದ್ದಾನೆ. ನಿನ್ನನ್ನು ಕರೆಸಬೇಕು ಎಂಬುದು ಅವನ ಹಟ, ಬಸಣ್ಣನೂ ಬೇಡವೆನ್ನುವುದಿಲ್ಲ.

ಆ ಊರಿಗೆ ಬಾ ಅನ್ನಬೇಡ ಎಂದು ನೀನು ಒಮ್ಮೆ ಬರೆದಿದ್ದೆ. ಅಂದಿನಿಂದ ನಾನು ಅನ್ನಲಿಲ್ಲ. ಈಗ ಅನ್ನುತ್ತೇನೆ. ಬಾ ಶಾಂತಪ್ಪಾ. ಎರಡು ದಿನದ ಮಟ್ಟಿಗಾದರೂ ಬಾ. ನಾಗಪುರದಲ್ಲಿ ನಿನಗೆ ಕಚೇರಿಯ ಕೆಲಸ, ಸಾಮಾನಿನ ಕೋಣೆಯ ಉಸ್ತುವಾರಿ ಎಂದು ಬರೆದಿದ್ದೆ. ಬಯಲಿಗೆ ಹೋಗುವುದನ್ನು ನೀನಾಗಿ ಬಿಟ್ಟೆ ಎಂದು ಭಗವಂತ ಹೇಳಿದ ಮೇಲೆ ನನಗೆ ತಿಳಿಯಿತು. ಅಂಗೈಯಗಲ ನೆಲ ಕಂಡರೆ ಬಗ್ಗಿ ಮುಟ್ಟಿ ನೋಡುತ್ತಿದ್ದ ಹುಡುಗ ನಾಲ್ಕು ವರ್ಷದಿಂದ ಕಪಾಟುಗಳ ನಡುವೆ ಕೂತಿದ್ದಾನೆ. ನೀನು ಬಂದರೆ ಶೇಂಗಾ ಹಿಂಡಿ ಕುಟ್ಟುತ್ತೇನೆ, ಕಡಕ ರೊಟ್ಟಿ ಇದೆ. ನೀನು ಮಾತಾಡದಿದ್ದರೂ ನಡೆಯುತ್ತದೆ. ಹೊಸ್ತಿಲ ಮೇಲೆ ಕೂತು ಉಣ್ಣು, ನಾನು ನೋಡುತ್ತೇನೆ.

ನಿನಗೂ ನಿನ್ನ ಹೆಂಡತಿ ಸೋನಾಬಾಯಿಗೂ ಆಯುಷ್ಯ ಆರೋಗ್ಯ ತುಂಬಿರಲಿ. ಅವಳನ್ನು ನಾನಿನ್ನೂ ಕಣ್ಣಾರೆ ನೋಡಿಲ್ಲ. ಮದುವೆಯ ಫೋಟೋದಲ್ಲಿ ತಲೆ ತಗ್ಗಿಸಿದ್ದಾಳೆ. ಅವಳಿಗೆ ಹಣೆಗೆ ಹಚ್ಚಲು ಅಕ್ಕಲಕೋಟದ ಕುಂಕುಮದ ಪುಡಿಕೆ ಜೊತೆಗಿಟ್ಟಿದ್ದೇನೆ. ನಿನ್ನ ಕೈ ಮುಟ್ಟಿದ ನೆಲವೆಲ್ಲ ನೀರಾಗಲಿ ಎಂದು ಹರಸುವ

ನಿನ್ನ ಅಕ್ಕ,
ಗಿರಿಜಾಬಾಯಿ

ತಾ.ಕ. ಶನಿವಾರ ಮಧ್ಯಾಹ್ನ.

ಮೇಲಿನದನ್ನು ನಿನ್ನೆ ಸಂಜೆ ಮುಗಿಸಿ ಲಕೋಟೆ ಅಂಟಿಸಿದ್ದೆ. ಇವತ್ತು ಶಾಲೆ ಬಿಟ್ಟು ಬಂದ ಮೇಲೆ ಹರಿದು ತೆರೆದೆ. ಬಸಣ್ಣ ಹೇಳಿದ ಮಾತನ್ನು ನಿನಗೆ ಬರೆದೆ, ಅದಕ್ಕೆ ನಾನು ಕೊಡಬೇಕಾಗಿದ್ದ ಉತ್ತರವನ್ನು ಬರೆಯಲಿಲ್ಲ. ಉತ್ತರ ಇದು.

೧೯೭೨ರ ಮೇ ಇಪ್ಪತ್ತಮೂರನೆಯ ತಾರೀಖಿಗೆ ನೀನು ಬರೆದ ಪತ್ರ ನನ್ನ ಟ್ರಂಕಿನಲ್ಲಿದೆ. ರೇಲ್ವೆ ಹಳಿಗಾಗಿ ಗುಡ್ಡ ಕಡಿದಲ್ಲಿ ಎರಡು ಕರಿಕಲ್ಲಿನ ನಡುವೆ ಕೆಂಪು ಪಟ್ಟಿ ನೋಡಿದೆ, ತಡವಳದಲ್ಲೂ ಹಾಗಿರಬಹುದು, ನಮ್ಮ ಪೆಟ್ಟಿಗೆಗೆ ಅದು ಕೇಳುವುದಿಲ್ಲ, ಖಾತ್ರಿ ಹೇಳಲಾರೆ, ಆದರೆ ಇನ್ನೊಂದು ಹದಿನೈದು ಇಪ್ಪತ್ತು ಫೂಟು ಇಳಿಸಲು ಹೇಳು, ಈ ಪತ್ರವನ್ನು ಪಂಚಾಯತಿಯಲ್ಲಿ ಎಲ್ಲರ ಮುಂದೆ ಓದು ಎಂದು ಬರೆದಿದ್ದೆ. ನಾನು ಓದಲಿಲ್ಲ. ಜೂನಿನಲ್ಲಿ ನೀನು ಏನಾಯಿತೆಂದು ಕೇಳಿದಾಗ, ಓದಿ ಹೇಳಿದೆ, ಯಾರೂ ಒಪ್ಪಲಿಲ್ಲ ಎಂದು ಉತ್ತರ ಹಾಕಿದೆ. ಅದು ಸುಳ್ಳು. ನೀನು ಆ ಊರಿಗೆ ಬಾ ಅನ್ನಬೇಡ ಎಂದು ಬರೆದದ್ದು ಆ ಸುಳ್ಳಿಗೆ. ಊರು ನಿನ್ನ ಮಾತನ್ನು ತಳ್ಳಿಹಾಕಲಿಲ್ಲ. ಊರಿಗೆ ಅದು ಮುಟ್ಟಲೇ ಇಲ್ಲ.

ನನ್ನ ನೌಕರಿ ಆಗ ಕಾಯಂ ಆಗಿರಲಿಲ್ಲ. ನನ್ನ ಬಗ್ಗೆ ಊರವರ ಅಭಿಪ್ರಾಯ ಕೇಳಲು ಶಾಲೆ ತಪಾಸಣೆಯ ಸಾಹೇಬರು ಬರುವವರಿದ್ದರು. ಕಾಯಿ ಒಡೆದ ಬಾವಿಗೆ ಮತ್ತೆ ಹಾರೆ ಹಾಕಿ ಎಂದರೆ ಚಾವಡಿಯಲ್ಲಿ ಇನ್ನೊಮ್ಮೆ ನಗುತ್ತಾರೆ, ಈ ಸಲ ನನ್ನನ್ನು ನೋಡಿ ನಗುತ್ತಾರೆ ಎಂದು ಅಂಜಿದೆ. ಇವೆರಡೂ ಖರೆ. ಆದರೆ ಇಷ್ಟೇ ಆಗಿದ್ದರೆ ನಾನು ಎಂದೋ ನಿನಗೆ ಬರೆಯುತ್ತಿದ್ದೆ. ನನಗೇ ನಿನ್ನ ಮೇಲೆ ನಂಬಿಕೆ ಇರಲಿಲ್ಲ. ಖಾತ್ರಿ ಹೇಳಲಾರೆ ಎಂಬ ಮಾತನ್ನು ನಾಲ್ಕು ಸಲ ಓದಿ ಪತ್ರ ಮಡಿಚಿಟ್ಟೆ. ನಾಲ್ಕು ಬೇಸಿಗೆ ಹೆಂಗಸರು ಒಂದೂವರೆ ಮೈಲು ದೂರದ ವರತಿಗೆ ನಡೆದರು. ನಾನೂ ನಡೆದೆ. ಭಾಗಾಬಾಯಿ ಬಿದ್ದ ದಿನ ಅವಳ ಹಿಂದೆ ಕೊಡ ಹೊತ್ತು ಬರುತ್ತಿದ್ದವಳು ನಾನು. ಭಗವಂತ ಫೀಲ್ಡ್ ಬುಕ್ಕಿನ ಪೆನ್ಸಿಲಿನ ಸಾಲು ತೋರಿಸಿ, ಇದನ್ನು ನಿಮ್ಮ ತಮ್ಮ ಯಾರಿಗಾದರೂ ಹೇಳಿದ್ದರೇ ಎಂದು ಕೇಳಿದಾಗಲೂ ಗೊತ್ತಿಲ್ಲ ಅಂದೆ.

ಇವತ್ತು ಮಾಮಾನಿಗೆ ಎಲ್ಲ ಹೇಳಿ ಪತ್ರ ತೋರಿಸಿದೆ. ಅವರಿಗೂ ಗೊತ್ತಿರಲಿಲ್ಲ. ಓದಿ ಮಡಿಚಿ ನನ್ನ ಕೈಗೇ ಕೊಟ್ಟರು. "ತಮ್ಮಗ ಹೇಳಿ ಮಂದಿಗಿ ಮುಚ್ಚಿಟ್ರ ಅದು ಅರ್ಧಾ ಹೇಳಿದಂಗ," ಅಂದರು. "ಅಂವ ಬರೂದ್ರೊಳಗ ಚಾವಡ್ಯಾಗ ಓದು." ಬೈಯಲಿಲ್ಲ. ಹೊಲಕ್ಕೆ ಹೋದರು.

ಇದನ್ನು ಓದಿದ ಮೇಲೆ ನೀನು ಬರದಿದ್ದರೆ ನಾನು ಏನೂ ಅನ್ನುವಂತಿಲ್ಲ. ಬಸ್ಸಿನಿಂದ ಇಳಿಯುವವರನ್ನು ಎಣಿಸುವುದನ್ನು ಬಿಡಲಿಕ್ಕಾಗುವುದಿಲ್ಲ, ಅಷ್ಟು ಮಾತ್ರ.

ಪಂಚಾಯತಿಯ ಸಭೆ ಏಪ್ರಿಲ್ ಹತ್ತೊಂಬತ್ತು, ಸೋಮವಾರ, ಮಧ್ಯಾಹ್ನ ಹನ್ನೆರಡಕ್ಕೆ ಚಾವಡಿಯಲ್ಲಿ. ಬಾವಿಯದು ಮೂರನೆಯ ವಿಷಯ. ನಿನ್ನ ಪತ್ರವನ್ನು ಅಲ್ಲಿ ನಾನು ಓದುತ್ತೇನೆ.